ಸಮುದ್ರಕ್ಕೆ ಲೆಕ್ಕ ಹಾಕಿದವರ ಊರುಗಳಲ್ಲಿ

ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಲೊರೆಂಟ್ಸ್ ಬಲ, ಎಂದರೆ ಕಾಂತಕ್ಷೇತ್ರದಲ್ಲಿ ಓಡುವ ವಿದ್ಯುದಾವೇಶದ ಮೇಲೆ ಬೀಳುವ ಬಲ, ಹೆಚ್ಚುಕಡಿಮೆ ಖಾಯಂ ಪ್ರಶ್ನೆ. ಹೊಸಪೇಟೆಯ ಕಾಲೇಜಿನಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ಹೆಂಡ್ರಿಕ್ ಆಂಟೂನ್ ಲೊರೆಂಟ್ಸ್ ಹಾಲೆಂಡಿನವರು, 1902ರಲ್ಲಿ ಪೀಟರ್ ಝೇಮನ್ ಜೊತೆ ನೊಬೆಲ್ ಹಂಚಿಕೊಂಡವರು ಎಂಬುದು ಗೈಡ್ ಪುಸ್ತಕದಲ್ಲೂ ಇರುತ್ತದೆ. ಅದೇ ಮನುಷ್ಯ ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ ಎಂಟನ್ನು ಒಂದು ಸಮುದ್ರದ ಒಡ್ಡಿನ ಲೆಕ್ಕಕ್ಕೆ ಕೊಟ್ಟಿದ್ದರು ಎಂಬುದು ಮಾತ್ರ ಯಾವ ಗೈಡಿನಲ್ಲೂ ಇಲ್ಲ. ಆಮ್‌ಸ್ಟೆಲ್‌ವೇನಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು ಅಕ್ಟೋಬರಿನಲ್ಲಿ ಕರೆಸಿಕೊಂಡಾಗ, ಟುಲಿಪ್ ಸಿಗದ ಕಾಲದಲ್ಲಿ ಏನು ನೋಡುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಈ ಹೆಸರನ್ನೇ.

ಜೊತೆಗೆ ಭಾವ ಇದ್ದರು. ತುಂಗಭದ್ರಾ ಕಾಲುವೆಗಳ ಮೇಲೆ ಸರ್ವೀಸೆಲ್ಲ ಕಳೆದು ನಿವೃತ್ತರಾದ ಇಂಜಿನಿಯರು. ಎಲೆಕ್ಟ್ರಾನು, ಈಥರು ಎಂದರೆ ಆಕಳಿಸುತ್ತಾರೆ. "ಒಡ್ಡು ತೋರಸ್ತೀಯೇನು? ಹಂಗಾದ್ರ ಬರ್ತೀನಿ" ಎಂಬ ಕರಾರಿನ ಮೇಲೆ ಹೊರಟರು. ಅಕ್ಕ ಮನೆಯಲ್ಲೇ ಮೊಮ್ಮಗನ ಜೊತೆ ಉಳಿದಳು. ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಸಸ್ಯಾಹಾರಿಗಳಿಗೆ ಆ ದೇಶದಲ್ಲಿ ಬ್ರೆಡ್ಡು, ಚೀಸು, ಕರಿದ ಆಲೂಗಡ್ಡೆ ಬಿಟ್ಟರೆ ದಾರಿಯಲ್ಲಿ ಸಿಗುವುದು ಕಡಿಮೆ. ಡಬ್ಬಿ ಜೊತೆಗಿದ್ದರೆ ಎಲ್ಲಿ ಬೇಕಾದರೂ ಕೂರಬಹುದು.

ಶುಕ್ರವಾರ, ಆರ್ನೆಮ್

ಹಾಲೆಂಡ್ ಎಂದರೆ ಚಪ್ಪಟೆ ಎಂದುಕೊಂಡವರು ಆರ್ನೆಮ್‌ಗೆ ಹೋಗಬೇಕು. ರೈಲು ಪೂರ್ವಕ್ಕೆ ಸಾಗಿದಂತೆ ಹಸಿರು ಗದ್ದೆ, ನೀರಿನ ಕಾಲುವೆ, ಮತ್ತೆ ಗದ್ದೆ. ಆಮೇಲೆ ಇದ್ದಕ್ಕಿದ್ದಂತೆ ಪೈನ್ ಮರಗಳ ಕಾಡು. ಊರು ಏರುತ್ತದೆ, ಇಳಿಯುತ್ತದೆ. ನಿಲ್ದಾಣದ ಹೊರಗೆ ತಲೆಯ ಮೇಲೆ ತಂತಿ ಹಿಡಿದು ಓಡುವ ಟ್ರಾಲಿಬಸ್ಸುಗಳು. ಇಡೀ ದೇಶದಲ್ಲಿ ಟ್ರಾಲಿಬಸ್ ಉಳಿದಿರುವ ಊರು ಇದೊಂದೇ. ಮೋಟರ್ ತಿರುಗುವುದು ಲೊರೆಂಟ್ಸ್ ಬಲದಿಂದಲೇ ಎಂದು ನಾನು ಭಾವನಿಗೆ ಹೇಳಿದೆ. ಅವರು ತಂತಿ ಜೋತುಬಿದ್ದ ಜಾಗ ನೋಡುತ್ತಿದ್ದರು.

ಬಸ್ಸಿಗೆ, ರೈಲಿಗೆ ಬೇರೆ ಕಾರ್ಡ್ ಬೇಕಿಲ್ಲ. ಬ್ಯಾಂಕಿನ ಟ್ಯಾಪ್ ಕಾರ್ಡನ್ನೇ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತೋರಿಸಬೇಕು. ಭಾವ ಇಳಿಯುವಾಗ ಮರೆತರು. ದೊಡ್ಡ ಮೊತ್ತವೇ ಮುರಿದುಹೋಯಿತು. ಆಮೇಲೆ ಮೂರು ದಿನ ಪ್ರತಿ ಬಾಗಿಲಲ್ಲೂ ಆ ಬೀಪ್ ಕೇಳಿಸುವವರೆಗೆ ಕದಲುತ್ತಿರಲಿಲ್ಲ, ಹಿಂದೆ ಎಷ್ಟು ಜನ ನಿಂತಿದ್ದರೂ.

ಲೊರೆಂಟ್ಸ್ ಹುಟ್ಟಿದ್ದು ಈ ಊರಿನಲ್ಲಿ, 1853ರ ಜುಲೈ 18ರಂದು. ತಂದೆಯದು ಗಿಡಗಳ ನರ್ಸರಿ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ಆ ಕಾಲದ ಆರ್ನೆಮ್ ಹುಡುಕಿದರೆ ಹೆಚ್ಚು ಸಿಗುವುದಿಲ್ಲ, ಏಕೆಂದರೆ 1944ರ ಸೆಪ್ಟೆಂಬರಿನಲ್ಲಿ ಸೇತುವೆಗಾಗಿ ನಡೆದ ಕಾಳಗದಲ್ಲಿ ಊರಿನ ಮಧ್ಯಭಾಗ ಸುಟ್ಟು ನಾಶವಾಯಿತು. ಪ್ರವಾಸಿಗರು ಬರುವುದು ಆ ಸೇತುವೆಗೇ. ನಾವೂ ಹೋಗಿ ನಿಂತೆವು. ಮಳೆ ಸಣ್ಣಗೆ ಓರೆಯಾಗಿ ಹೊಡೆಯುತ್ತಿತ್ತು. ಅಲ್ಲಿನ ಜನ ಅದನ್ನು ಮಳೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೈಕಲ್ ತುಳಿಯುತ್ತಲೇ ಇರುತ್ತಾರೆ.

ಸೇತುವೆಯ ಮೇಲಿಂದ ಭಾವ ಕೇಳಿದ ಮೊದಲ ಪ್ರಶ್ನೆ: "ಈ ನದಿ ಎಲ್ಲಿಗೆ ಹೋಗ್ತದ?" ಇದು ರೈನ್. ಊರಿನ ಪೂರ್ವಕ್ಕೆ, ಸ್ವಲ್ಪ ಮೇಲೆ, ಇದರಿಂದ ಐಸೆಲ್ ಎಂಬ ಕವಲು ಒಡೆದು ಉತ್ತರಕ್ಕೆ ಹೋಗುತ್ತದೆ. ಫೋನಿನ ನಕ್ಷೆಯಲ್ಲಿ ಬೆರಳಿಟ್ಟು ಆ ಕವಲನ್ನು ಹಿಂಬಾಲಿಸಿದರು. ಅದು ಹೋಗಿ ಸೇರುವುದು ಐಸೆಲ್‌ಮೇರ್ ಕೆರೆಗೆ, ಅಂದರೆ ಸೋಮವಾರ ನಾವು ನೋಡಬೇಕಿದ್ದ ಒಡ್ಡಿನ ಒಳಗಿನ ನೀರಿಗೆ. ನನಗೆ ಇದು ಹೊಳೆದಿರಲೇ ಇಲ್ಲ. ಕಾಲುವೆಯವರು ನಕ್ಷೆ ನೋಡುವ ರೀತಿಯೇ ಬೇರೆ.

ಸಾನ್ಸ್‌ಬೇಕ್ ಎಂಬ ದೊಡ್ಡ ಉದ್ಯಾನದಲ್ಲಿ ಲೊರೆಂಟ್ಸರ ಸ್ಮಾರಕವಿದೆ. 1931ರಲ್ಲಿ ರಾಜಕುಮಾರಿ ಯೂಲಿಯಾನ ಅನಾವರಣ ಮಾಡಿದ್ದು. ಎಲೆ ಉದುರಿ ದಾರಿ ಜಾರುತ್ತಿತ್ತು. ನಾಯಿ ಹಿಡಿದು ಬಂದ ಮಹಿಳೆಯೊಬ್ಬರು ನಾವು ಫೋಟೋ ತೆಗೆಯುವುದನ್ನು ನೋಡಿ ನಿಂತರು. ಇಲ್ಲಿ ದಿನಾ ಓಡಾಡುತ್ತೇನೆ, ಯಾರೂ ಇವರ ಮುಂದೆ ನಿಲ್ಲುವುದಿಲ್ಲ, ಎಲ್ಲರೂ ಜಲಪಾತದ ಕಡೆ ಹೋಗುತ್ತಾರೆ ಎಂದರು. ಯಾವ ಊರಿನಿಂದ ಬಂದಿರಿ ಎಂದು ಕೇಳಿ, ಹಂಪಿಯ ಪಕ್ಕ ಎಂದಾಗ ಅವರ ಮುಖ ಅರಳಿತು. ಅವರ ಮಗ ಹಂಪಿಯಲ್ಲಿ ಬಂಡೆ ಹತ್ತಲು ಹೋಗಿ ಕಾಲು ಉಳುಕಿಸಿಕೊಂಡು ಬಂದಿದ್ದನಂತೆ.

ಈ ಊರಿನ ಬಗ್ಗೆ ನನಗೆ ಇಷ್ಟವಾದ ಸಂಗತಿ ಬೇರೆ. 1870ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿದ ಹುಡುಗ ಎರಡೇ ವರ್ಷಕ್ಕೆ ಇಲ್ಲಿಗೆ ವಾಪಸ್ ಬಂದ. ಫೇಲಾಗಿ ಅಲ್ಲ. ಸಂಜೆ ಶಾಲೆಯಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಒಬ್ಬನೇ ಕೂತು ಓದುತ್ತ, ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಮೇಲೆ ಪ್ರಬಂಧ ಬರೆದ. 1875ರಲ್ಲಿ, 22ನೇ ವಯಸ್ಸಿನಲ್ಲಿ, ಡಾಕ್ಟರೇಟ್. ವಿದ್ಯುತ್ತು, ಕಾಂತ, ಬೆಳಕು ಮೂರನ್ನೂ ಒಂದಾಗಿಸಿದ ಮ್ಯಾಕ್ಸ್‌ವೆಲ್‌ನ ಸಮೀಕರಣಗಳನ್ನು ಯುರೋಪಿನಲ್ಲಿ ಬೆರಳೆಣಿಕೆಯ ಜನ ಮಾತ್ರ ಅರಗಿಸಿಕೊಂಡಿದ್ದ ಕಾಲ ಅದು. ಸಂಜೆ ಕಾಲೇಜಿನ ಮೇಷ್ಟ್ರು ಎಂದರೆ ನಮ್ಮಲ್ಲಿ ಇಂದಿಗೂ ಒಂದು ಮೆಟ್ಟಿಲು ಕೆಳಗೆ. ಹೋದ ಮೇಲೆ ನನ್ನ ಸಹೋದ್ಯೋಗಿಗಳಿಗೆ ಹೇಳಲೇಬೇಕೆಂದು ಟಿಪ್ಪಣಿ ಮಾಡಿಕೊಂಡೆ.

ಶನಿವಾರ, ಲೈಡನ್

ಶನಿವಾರ ಲೈಡನ್ನಿನಲ್ಲಿ ಸಂತೆ. ಕಾಲುವೆಯ ಎರಡೂ ದಡಕ್ಕೆ ಅಂಗಡಿಗಳು: ಚೀಸಿನ ಗಾಲಿಗಳು, ಬಿಸಿ ಸಕ್ಕರೆಪಾಕ ಒಳಗಿಟ್ಟ ತೆಳುವಾದ ಸ್ಟ್ರೋಪ್‌ವಾಫೆಲ್, ಬಾಲ ಹಿಡಿದು ಗಂಟಲಿಗೆ ಇಳಿಸುವ ಹಸಿ ಹೆರಿಂಗ್ ಮೀನು. ಸ್ಟ್ರೋಪ್‌ವಾಫೆಲ್ ಅನ್ನು ಪ್ಯಾಕೆಟ್ಟಿನದು ಕೊಳ್ಳಬೇಡಿ. ಗಾಡಿಯ ಮುಂದೆ ನಿಂತು ಬಿಸಿಯದು ತಿನ್ನಿ, ಗಲ್ಲಕ್ಕೆ ಪಾಕ ಅಂಟಿಸಿಕೊಂಡರೂ ಪರವಾಗಿಲ್ಲ.

ಊರಿನ ಗೋಡೆಗಳ ಮೇಲೆ ಕವಿತೆಗಳಿವೆ, ಬೇರೆ ಬೇರೆ ಭಾಷೆಯ, ಬೇರೆ ಬೇರೆ ಲಿಪಿಯ ನೂರಕ್ಕೂ ಹೆಚ್ಚು. ಈಚೆಗೆ ಭೌತಶಾಸ್ತ್ರದ ಸೂತ್ರಗಳನ್ನೂ ಹಾಗೆಯೇ ಬರೆಸಿದ್ದಾರೆ. ಬೂರ್ಹಾವೆ ವಿಜ್ಞಾನ ಸಂಗ್ರಹಾಲಯದ ಗೋಡೆಗೆ ಗುರುತ್ವವನ್ನು ವಿವರಿಸುವ ಐನ್‌ಸ್ಟೈನರ ಕ್ಷೇತ್ರ ಸಮೀಕರಣ, ಇನ್ನೊಂದೆಡೆ ಬೆಳಕು ಬಾಗುವ ಲೆಕ್ಕದ ಸ್ನೆಲ್ ನಿಯಮ, ಮತ್ತೆ ನಮ್ಮ ಲೊರೆಂಟ್ಸರದು. ಬೋರ್ಡಿನಲ್ಲಿ ಬರೆದು ಅಳಿಸುವುದನ್ನು ಒಂದು ಊರು ಮನೆಯ ಗೋಡೆಗೆ ಬಣ್ಣದಲ್ಲಿ ಬರೆಸಿಕೊಂಡಿದೆ. ಅದರ ಕೆಳಗೆ ಸೈಕಲ್ಲುಗಳು ಒರಗಿದ್ದವು, ಕಸದ ಡಬ್ಬಿಯೂ ಇತ್ತು. ನನಗೆ ಅದೂ ಸರಿಯೆನಿಸಿತು.

1878ರ ಜನವರಿಯಲ್ಲಿ ಲೊರೆಂಟ್ಸ್ ಇಲ್ಲಿ ಪ್ರಾಧ್ಯಾಪಕರಾದಾಗ ವಯಸ್ಸು 24. ಸೈದ್ಧಾಂತಿಕ ಭೌತಶಾಸ್ತ್ರಕ್ಕೆಂದೇ ಹೊಸದಾಗಿ ಹುಟ್ಟಿದ ಹುದ್ದೆ. ಮುಂದೆ ಸುಮಾರು ಇಪ್ಪತ್ತು ವರ್ಷ ಅವರು ಹೊರದೇಶಗಳ ವಿಜ್ಞಾನಿಗಳ ಜೊತೆ ಹೆಚ್ಚು ಒಡನಾಟವಿಲ್ಲದೆ ಈ ಕಾಲುವೆಗಳ ನಡುವೆಯೇ ಕೆಲಸ ಮಾಡಿದರು. ಹೆಂಡತಿ ಅಲೆಟಾ ಕೈಸರ್. ಆಕೆಯ ತಂದೆ ದೇಶದ ಮೊದಲ ಅಂಚೆಚೀಟಿಯನ್ನು ಕೊರೆದ ಕಲಾವಿದ. ಇಬ್ಬರ ಹಿರಿಯ ಮಗಳು ಗೆರ್ಟ್ರೌಡ ಸ್ವತಃ ಭೌತವಿಜ್ಞಾನಿ.

ಸ್ಟೇನ್‌ಸ್ಕೂರ್ ಎಂಬ ಕಾಲುವೆಯ ದಂಡೆಗೆ ಹೋದೆವು. 1807ರ ಜನವರಿಯಲ್ಲಿ ಇಲ್ಲಿ ಲಂಗರು ಹಾಕಿದ್ದ ಮದ್ದಿನ ದೋಣಿ ಸಿಡಿದು ಒಂದು ಬಡಾವಣೆಯೇ ನೆಲಸಮವಾಗಿತ್ತು. ಆ ಬಯಲಿನ ಒಂದು ಕಡೆ ಈಗ ಉದ್ಯಾನ, ಇನ್ನೊಂದು ಕಡೆ ಉದ್ದನೆಯ ಕಟ್ಟಡ. ಭೌತವಿಜ್ಞಾನಿ ಕಾಮರ್ಲಿಂಗ್ ಒನ್ನೆಸ್ 1908ರ ಜುಲೈ 10ರಂದು ಹೀಲಿಯಮ್ಮನ್ನು ಮೊದಲ ಬಾರಿ ದ್ರವ ಮಾಡಿದ್ದು ಇಲ್ಲೇ. ಮೂರು ವರ್ಷದ ಮೇಲೆ ಅತಿವಾಹಕತೆ, ಎಂದರೆ ತೀರಾ ತಣ್ಣಗಾದ ಲೋಹದಲ್ಲಿ ಕರೆಂಟು ತಡೆಯೇ ಇಲ್ಲದೆ ಹರಿಯುವುದು, ಕಂಡದ್ದೂ ಇಲ್ಲೇ. ಈಗ ಒಳಗೆ ಕಾನೂನು ಕಾಲೇಜಿದೆ. ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ ವಿದ್ಯಾರ್ಥಿಯನ್ನು ಕೇಳಿದರೆ, ಹೌದು, ಫ್ರಿಜ್ಜಿಗೆ ಸಂಬಂಧಪಟ್ಟ ಯಾರೋ ಇದ್ದರಂತೆ ಎಂದ. ಪೂರ್ತಿ ತಪ್ಪೇನಲ್ಲ.

ಝೇಮನ್‌ ಪ್ರಯೋಗ ನಡೆದದ್ದೂ ಇದೇ ಪ್ರಯೋಗಾಲಯದಲ್ಲಿ, 1896ರಲ್ಲಿ. ಎಳೆಯ ಸಂಶೋಧಕ ಝೇಮನ್ ಸೋಡಿಯಂ ಉರಿಯುವ ಜ್ವಾಲೆಯನ್ನು ದೊಡ್ಡ ವಿದ್ಯುತ್ಕಾಂತದ ಧ್ರುವಗಳ ನಡುವೆ ಇಟ್ಟರು. ಕರೆಂಟು ಹರಿಸಿದರೆ ರೋಹಿತದ, ಎಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯ, ಎರಡು ಹಳದಿ ಗೆರೆಗಳು ಅಗಲವಾದವು, ನಿಲ್ಲಿಸಿದರೆ ಮೊದಲಿನಂತಾದವು. ಅಕ್ಟೋಬರ್ 31, ಶನಿವಾರ, ಆಮ್‌ಸ್ಟರ್‌ಡ್ಯಾಮಿನ ಅಕಾಡೆಮಿಯಲ್ಲಿ ಈ ಸುದ್ದಿ ಮಂಡನೆಯಾಯಿತು. ಸೋಮವಾರ ಲೊರೆಂಟ್ಸ್ ಹುಡುಗನನ್ನು ಕರೆಸಿ ಕಾರಣ ವಿವರಿಸಿದರು. ಪರಮಾಣುವಿನೊಳಗೆ ವಿದ್ಯುದಾವೇಶವುಳ್ಳ ಪುಟ್ಟ ಕಣವೊಂದು ಕಂಪಿಸುತ್ತಿದೆ, ಕಾಂತಕ್ಷೇತ್ರ ಅದರ ಕಂಪನದ ವೇಗ ಬದಲಿಸುತ್ತದೆ. ಹಾಗಿದ್ದರೆ ಕ್ಷೇತ್ರದ ದಿಕ್ಕಿನಲ್ಲಿ ನೋಡಿದಾಗ ಗೆರೆಯ ಅಂಚಿನ ಬೆಳಕು ವೃತ್ತಾಕಾರವಾಗಿ ಧ್ರುವೀಕೃತವಾಗಿರಬೇಕು, ಎಂದರೆ ಅಲೆಯ ಕಂಪನದ ದಿಕ್ಕು ಸುತ್ತುತ್ತ ಸಾಗಬೇಕು, ಹೋಗಿ ನೋಡು ಎಂದರು. ಝೇಮನ್ ನೋಡಿದರು, ಹಾಗೇ ಇತ್ತು. ಗೆರೆ ಎಷ್ಟು ಅಗಲವಾಯಿತು ಎಂಬುದರಿಂದ ಕಣದ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ ಸಿಕ್ಕಿತು. ಹೈಡ್ರೋಜನ್ ಅಯಾನಿನ, ಎಂದರೆ ಆವೇಶ ಹೊತ್ತ ಹೈಡ್ರೋಜನ್ ಪರಮಾಣುವಿನ, ಅನುಪಾತಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಆವೇಶ ಋಣ. ಇಂಗ್ಲೆಂಡಿನಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಘೋಷಿಸುವುದಕ್ಕೆ ಮುಂಚಿನ ವರ್ಷ ಇದು.

ಇದನ್ನೆಲ್ಲ ಉದ್ಯಾನದ ಬೆಂಚಿನ ಮೇಲೆ ಕೂತು ಭಾವನಿಗೆ ಉತ್ಸಾಹದಿಂದ ಹೇಳಿದೆ. "ಅಗಲ ಅಳದು ತೂಕ ಹೇಳಿದ್ರು ಅನ್ನು" ಎಂದರು. ಒಂದು ಗಂಟೆಯ ಲೆಕ್ಚರನ್ನು ಅವರು ಹೀಗೆ ಮುಗಿಸಿದರು. ಪರೀಕ್ಷೆಯಲ್ಲಿ ಹುಡುಗರು ಇಷ್ಟು ಬರೆದರೂ ನಾನು ಅರ್ಧ ಅಂಕ ಕೊಡುತ್ತೇನೆ.

ಊಟಕ್ಕೆ ಒಂದು ಸುರಿನಾಮಿ ರೊಟ್ಟಿ ಅಂಗಡಿ ಸಿಕ್ಕಿತು. ಸುರಿನಾಮ್ ಎಂದರೆ ದಕ್ಷಿಣ ಅಮೆರಿಕದ ಹಳೆಯ ಡಚ್ ವಸಾಹತು. ಹಾಲೆಂಡಿನಲ್ಲಿ ಹಸಿದ ಸಸ್ಯಾಹಾರಿ ಮೊದಲು ಹುಡುಕಬೇಕಾದದ್ದು ಇದನ್ನೇ. ಕಡಲೆಬೇಳೆ ಪುಡಿ ತುಂಬಿದ ದೊಡ್ಡ ಮೆತ್ತನೆ ರೊಟ್ಟಿ, ಆಲೂಗಡ್ಡೆ ಪಲ್ಯ, ಉದ್ದನೆಯ ಅಲಸಂದೆ ಕಾಯಿಯ ಪಲ್ಯ, ಕಣ್ಣಲ್ಲಿ ನೀರು ಬರಿಸುವ ಮೆಣಸಿನಕಾಯಿ ಚಟ್ನಿ. ಅಂಗಡಿಯ ಅಜ್ಜಿ ಭೋಜಪುರಿಯಂತೆ ಕೇಳಿಸುವ ಮಾತಿನಲ್ಲಿ ಏನೋ ಕೇಳಿದರು, ನಾನು ನನ್ನ ಹರಕು ಹಿಂದಿಯಲ್ಲಿ ಉತ್ತರಿಸಿದೆ. ಅವರ ಹಿರಿಯರು ಕೂಲಿಗಳಾಗಿ ಕಲ್ಕತ್ತೆಯಿಂದ ಹಡಗು ಹತ್ತಿದವರು. ಅಂಥ ಮೊದಲ ಹಡಗು ಲಲ್ಲಾ ರೂಖ್ ಸುರಿನಾಮ್ ಮುಟ್ಟಿದ್ದು 1873ರ ಜೂನ್‌ನಲ್ಲಿ, ಎಂದರೆ ಲೊರೆಂಟ್ಸ್ ಆರ್ನೆಮ್ಮಿನಲ್ಲಿ ಸಂಜೆ ಪಾಠ ಮಾಡುತ್ತಿದ್ದ ದಿನಗಳು. ಅಜ್ಜಿಗೆ ಲೊರೆಂಟ್ಸ್ ಗೊತ್ತಿಲ್ಲ, ಹಂಪಿ ಗೊತ್ತಿಲ್ಲ, ರಾಮಾಯಣ ಪೂರ್ತಿ ಬಾಯಿಪಾಠ. ಚಟ್ನಿಯನ್ನು ಇನ್ನೊಂದು ಚಮಚ ಸುರಿದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ, ಹಾರ್ಲೆಮ್

ಬೆಳಿಗ್ಗೆ ಬಿಸಿಲು. ಅಕ್ಟೋಬರಿನಲ್ಲಿ ಆ ದೇಶದಲ್ಲಿ ಬಿಸಿಲು ಬಂದರೆ ಇಡೀ ಊರು ಕುರ್ಚಿ ಹೊರಗೆ ಹಾಕಿಕೊಂಡು ಮುಖವೆತ್ತಿ ಕೂರುತ್ತದೆ. ಹತ್ತು ವರ್ಷದ ಮೊಜಾರ್ಟ್ ಆರ್ಗನ್ ನುಡಿಸಿದ ಸಂತ ಬಾವೋ ಚರ್ಚನ್ನು ಹೊರಗಿನಿಂದ ನೋಡಿ ಸ್ಪಾರ್ನೆ ನದಿಯ ದಂಡೆಗೆ ನಡೆದೆವು.

ಟೈಲರ್ಸ್ ಮ್ಯೂಸಿಯಂ 1784ರಲ್ಲಿ ತೆರೆದದ್ದು, ದೇಶದ ಅತ್ಯಂತ ಹಳೆಯದು. ಸೋಮವಾರ ಮುಚ್ಚಿರುತ್ತದೆ, ಆದ್ದರಿಂದಲೇ ಭಾನುವಾರ ಹೋದದ್ದು. ಹೋಗುವವರು ಬೆಳಕಿರುವಾಗಲೇ ಹೋಗಿ. ಒಳಗಿನ ಅಂಡಾಕಾರದ ಸಭಾಂಗಣಕ್ಕೆ ಬೆಳಕು ಬರುವುದು ಚಾವಣಿಯ ಗಾಜಿನಿಂದ. ಮೋಡ ಬಂದರೆ ಕಪಾಟಿನೊಳಗಿನ ಖನಿಜಗಳು ಮಂಕಾಗುತ್ತವೆ, ಮೋಡ ಸರಿದರೆ ಹಿತ್ತಾಳೆಯ ಉಪಕರಣಗಳೆಲ್ಲ ಒಟ್ಟಿಗೆ ಮಿನುಗುತ್ತವೆ. ಕಾಲ ಕೆಳಗೆ ಮರದ ಹಲಗೆ ಕಿರ್ ಎನ್ನುತ್ತದೆ. ಎರಡು ದೊಡ್ಡ ಗಾಜಿನ ಚಕ್ರಗಳನ್ನು ತಿರುಗಿಸಿ ಸ್ಥಾಯೀ ವಿದ್ಯುತ್ ಹುಟ್ಟಿಸುತ್ತಿದ್ದ, 18ನೇ ಶತಮಾನದ ಅತಿದೊಡ್ಡ ಯಂತ್ರ ಅಲ್ಲಿದೆ. ಚಕ್ರದ ಅಡ್ಡಳತೆ ಒಂದೂವರೆ ಮೀಟರಿಗೂ ಹೆಚ್ಚು. ಕಾಲೇಜಿನ ವಿಮ್ಸ್‌ಹರ್ಸ್ಟ್ ಯಂತ್ರ ಮಳೆಗಾಲದಲ್ಲಿ ಕಿಡಿಯೇ ಹಾರಿಸದೆ ಸತಾಯಿಸುವುದನ್ನು ನೋಡಿದ ನಾನು ಅದರ ಮುಂದೆ ಬಹಳ ಹೊತ್ತು ನಿಂತೆ.

1912ರಲ್ಲಿ ಲೊರೆಂಟ್ಸ್ ಲೈಡನ್ನಿನ ಪೂರ್ಣಾವಧಿ ಹುದ್ದೆ ಬಿಟ್ಟು ಈ ಮ್ಯೂಸಿಯಮ್ಮಿನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ತನ್ನ ಪೀಠಕ್ಕೆ ಐನ್‌ಸ್ಟೈನರನ್ನು ಕರೆಯಲು ನೋಡಿದ್ದರು. ಅವರು ಆಗಲೇ ಸ್ವಿಟ್ಜರ್‌ಲೆಂಡಿನ ಜೂರಿಕ್‌ಗೆ ಮಾತು ಕೊಟ್ಟಾಗಿತ್ತು. ಪೀಠ ಭೌತವಿಜ್ಞಾನಿ ಪಾಲ್ ಎಹ್ರೆನ್‌ಫೆಸ್ಟರಿಗೆ ಹೋಯಿತು. ಲೊರೆಂಟ್ಸ್ ಮಾತ್ರ ಸೋಮವಾರ ಬೆಳಿಗ್ಗೆ ಲೈಡನ್ನಿಗೆ ಹೋಗಿ ಉಪನ್ಯಾಸ ಕೊಡುವುದನ್ನು ಬಿಡಲಿಲ್ಲ. ಹೊಸದಾಗಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದವರೆಲ್ಲ ಆ ತರಗತಿಯಲ್ಲಿ ಕೂರುತ್ತಿದ್ದರು.

ಒಂದು ಮಾತು ಹೇಳಬೇಕು. ವೇಗ ಹೆಚ್ಚಿದಂತೆ ವಸ್ತುವಿನ ಉದ್ದ ಕುಗ್ಗುತ್ತದೆ ಎಂದು ಅವರು 1890ರ ದಶಕದಲ್ಲೇ ಹೇಳಿದ್ದರು, 1904ರಲ್ಲಿ ನಿಂತವನ ಅಳತೆಯನ್ನು ಓಡುವವನ ಅಳತೆಗೆ ಬದಲಿಸುವ ರೂಪಾಂತರ ಸಮೀಕರಣಗಳನ್ನು ಬರೆದಿದ್ದರು. ಮರುವರ್ಷ 26ರ ಐನ್‌ಸ್ಟೈನ್ ಅದೇ ಸಮೀಕರಣಗಳನ್ನು ಬೇರೆ ಬುಡದಿಂದ ಹೊರತಂದು, ಬೆಳಕಿನ ಅಲೆ ಸಾಗಲು ಬೇಕೆಂದು ಎಲ್ಲರೂ ಊಹಿಸಿದ್ದ ಈಥರ್ ಎಂಬ ಮಾಧ್ಯಮ ಬೇಕೇ ಇಲ್ಲ ಎಂದುಬಿಟ್ಟರು. ಲೊರೆಂಟ್ಸ್ ಈಥರನ್ನು ಕೊನೆಯವರೆಗೂ ಪೂರ್ತಿ ಕೈಬಿಡಲಿಲ್ಲ, ಆದರೆ ಐನ್‌ಸ್ಟೈನರ ಆ ಸಾಪೇಕ್ಷತಾ ಸಿದ್ಧಾಂತವನ್ನು ತರಗತಿಯಲ್ಲಿ ಮನಸ್ಸಿಟ್ಟು ಕಲಿಸಿದರು. ಇಬ್ಬರ ನಡುವೆ ಹುಳಿ ಹುಟ್ಟಲಿಲ್ಲ. ತನ್ನ ಬದುಕಿನಲ್ಲಿ ಕಂಡವರಲ್ಲೆಲ್ಲ ಈ ಮನುಷ್ಯನೇ ತನಗೆ ಹೆಚ್ಚು ಎಂದು ಐನ್‌ಸ್ಟೈನ್ ಆಮೇಲೆ ಬರೆದರು. ಇಬ್ಬರು ಮೇಷ್ಟ್ರುಗಳು ಒಂದು ಸಿಲೆಬಸ್ ಸಮಿತಿಯಲ್ಲಿ ಕೂತರೆ ಏನಾಗುತ್ತದೆ ಎಂದು ಬಲ್ಲ ನನಗೆ ಇದು ನೊಬೆಲ್‌ಗಿಂತ ದೊಡ್ಡದಾಗಿ ಕಂಡಿತು.

ಮಧ್ಯಾಹ್ನ ಕ್ಲೇವರ್‌ಲಾನ್ ರಸ್ತೆಯ ಸ್ಮಶಾನಕ್ಕೆ ಹೋದೆವು. ಉದ್ಯಾನದಂತೆ ಬಳುಕುವ ದಾರಿಗಳು, ಹಳೆಯ ಮರಗಳು. ಸಮಾಧಿ ಬೇಗ ಸಿಗಲಿಲ್ಲ. ಎಲೆ ಗುಡಿಸುತ್ತಿದ್ದ ಯುವಕ ಪೊರಕೆ ಒರಗಿಸಿ ಕರೆದುಕೊಂಡು ಹೋಗಿ ತೋರಿಸಿದ. 1928ರ ಫೆಬ್ರವರಿ 4ರಂದು ಲೊರೆಂಟ್ಸ್ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಮಧ್ಯಾಹ್ನ ಹನ್ನೆರಡು ಹೊಡೆದಾಗ ಇಡೀ ದೇಶದ ತಂತಿ, ದೂರವಾಣಿ ಸೇವೆಯನ್ನು ಮೂರು ನಿಮಿಷ ನಿಲ್ಲಿಸಿದ್ದರು. ಸಮಾಧಿಯ ಬಳಿ ಐನ್‌ಸ್ಟೈನ್, ರುದರ್‌ಫರ್ಡ್, ಎಹ್ರೆನ್‌ಫೆಸ್ಟ್, ಲಾಂಜೆವಿನ್ ಮಾತನಾಡಿದರು. ಭಾವ ಅಲ್ಲಿಯವರೆಗೆ ಸುಮ್ಮನೆ ಇದ್ದವರು, ಈ ಮೂರು ನಿಮಿಷದ ಸಂಗತಿ ಕೇಳಿ ತಿರುಗಿದರು. "ಎಲೆಕ್ಟ್ರಾನಿಗೆ ಯಾರೂ ಹಂಗ ಮಾಡಂಗಿಲ್ಲ. ಮಂದೀಗೆ ಏನರ ಮಾಡಿರಬೇಕು."

ನಾಳೆ ತೋರಿಸುತ್ತೇನೆ ಎಂದೆ.

ಸೋಮವಾರ, ಒಡ್ಡಿನ ಮೇಲೆ

ಅಕ್ಕನ ಮಗಳು ರಜೆ ಹಾಕಿ ಕಾರು ತೆಗೆದಳು. ಗಾಳಿ ಎಷ್ಟೆಂದರೆ ಪಾರ್ಕಿಂಗಿನಲ್ಲಿ ಬಾಗಿಲು ತೆರೆಯುವಾಗ ಎರಡು ಕೈಯಿಂದ ಹಿಡಿಯಬೇಕಿತ್ತು. ಡೆನ್ ಊವರ್ ದಾಟಿದರೆ ಶುರು: ಅಫ್ಸ್‌ಲೌಟ್‌ಡೈಕ್, 32 ಕಿಲೋಮೀಟರ್, ಅಳತೆಪಟ್ಟಿ ಇಟ್ಟು ಗೆರೆ ಎಳೆದಂಥ ರಸ್ತೆ. ಬಲಕ್ಕೆ ಐಸೆಲ್‌ಮೇರ್, ಸಿಹಿನೀರು. ಎಡಕ್ಕೆ ಹಸಿರು ಹುಲ್ಲಿನ ಗೋಡೆ ಮಾತ್ರ. ಸಮುದ್ರ ಅದರ ಆಚೆಗಿದೆ, ಕಾರಿನಿಂದ ಕಾಣುವುದೇ ಇಲ್ಲ. ಇಳಿದು ಏರಿಯ ಮೇಲೆ ಹತ್ತದವರು ಅರ್ಧ ಮಾತ್ರ ನೋಡಿದ ಹಾಗೆ.

ಸ್ಮಾರಕದ ಗೋಪುರದ ಬಳಿ ಇಳಿಯಬೇಕಿತ್ತು. ಅವಳು ಮಾತಿನ ಭರದಲ್ಲಿ ತಿರುವು ತಪ್ಪಿಸಿದಳು. ಒಡ್ಡಿನ ಮೇಲೆ ಬೇಕೆಂದಲ್ಲಿ ತಿರುಗಿಸುವ ಹಾಗಿಲ್ಲ. ಮುಂದಿನ ತಿರುವಿನವರೆಗೆ ಹೋಗಿಯೇ ಬರಬೇಕು. ವಾಪಸ್ ಬಂದಾಗ ಮಳೆ ಹಿಡಿದಿತ್ತು. ಭಾವನ ಮಫ್ಲರ್ ಹಾರಿ ಸಿಹಿನೀರಿನ ಪಾಲಾಯಿತು. ಆದರೂ ಗೋಪುರ ಹತ್ತಿದೆವು. 1932ರ ಮೇ 28ರಂದು ಕೊನೆಯ ಕಂಡಿ ಮುಚ್ಚಿದ ಜಾಗ ಇದು. ಬದುಕಿರುವ ಜನ ತಮ್ಮ ನಾಳೆಯನ್ನು ಕಟ್ಟುತ್ತಾರೆ ಎಂಬರ್ಥದ ಸಾಲು ಕಲ್ಲಿನಲ್ಲಿದೆ. ಕೆಳಗಿನ ಕೆಫೆಯಲ್ಲಿ ಬಟಾಣಿ ಸೂಪು ಕೇಳಿದೆವು. ಅದರಲ್ಲಿ ಸಾಸೇಜು ಇದ್ದೇ ಇರುತ್ತದೆ. ಕಾಫಿ ತೆಗೆದುಕೊಂಡು, ಅಕ್ಕನ ಚಪಾತಿಯನ್ನು ಕಾರಿನಲ್ಲಿ ಬಿಚ್ಚಿದೆವು.

1916ರ ಜನವರಿಯಲ್ಲಿ ಬಿರುಗಾಳಿಗೆ ಜೌಡರ್‌ಜೇ ಎಂಬ ಒಳಸಮುದ್ರ ಉಕ್ಕಿ ದಂಡೆಗಳನ್ನು ಒಡೆದು ಊರೂರುಗಳನ್ನು ಮುಳುಗಿಸಿತು. ಅದರ ಬಾಯಿಯನ್ನೇ ಮುಚ್ಚುವ ಇಂಜಿನಿಯರ್ ಕಾರ್ನೆಲಿಸ್ ಲೇಲಿಯವರ ಯೋಜನೆ ಮೊದಲೇ ಇತ್ತು, 1918ರಲ್ಲಿ ಕಾನೂನಾಯಿತು. ಆದರೆ ಒಂದು ಹೆದರಿಕೆ ಉಳಿಯಿತು. ಒಳಗೆ ನುಗ್ಗಿ ಹರಡುತ್ತಿದ್ದ ಉಬ್ಬರವನ್ನು ಒಡ್ಡು ತಡೆದರೆ, ಆ ನೀರು ಹೊರಗಿನ ಫ್ರೀಸ್‌ಲಾಂಡ್ ಕರಾವಳಿಯಲ್ಲಿ ಎಷ್ಟು ಏರುತ್ತದೆ? ಇಂಜಿನಿಯರುಗಳಲ್ಲಿ ಒಮ್ಮತವಿರಲಿಲ್ಲ. ಸರ್ಕಾರ ಸಮಿತಿ ಮಾಡಿತು, ಅಧ್ಯಕ್ಷತೆಗೆ ಅರವತ್ತು ದಾಟಿದ್ದ ಸೈದ್ಧಾಂತಿಕ ಭೌತವಿಜ್ಞಾನಿಯನ್ನು ಕರೆಯಿತು.

ಹೆಸರಿಗೆ ಅಧ್ಯಕ್ಷರಾಗಿ ಕೂರಬಹುದಿತ್ತು. ಲೊರೆಂಟ್ಸ್ ಲೆಕ್ಕಕ್ಕೇ ಕೂತರು. ಆ ಕಡಲಿನ ತಳದಲ್ಲಿ ನೀರು ಓಡಾಡುವ ಕಾಲುವೆಗಳಿವೆ. ಅವನ್ನು ತುಂಡು ತುಂಡಾಗಿಸಿ, ಪ್ರತಿ ತುಂಡಿಗೂ ಅಗಲ, ಆಳ, ವೇಗ ಹಾಕಿ, ಒಂದಕ್ಕೊಂದು ಜೋಡಿಸಿದರು. ತೊಡಕು ಘರ್ಷಣೆಯದು. ತಳದ ಘರ್ಷಣೆ ವೇಗದ ವರ್ಗದಂತೆ ಬೆಳೆಯುತ್ತದೆ, ಸಮೀಕರಣ ಬಿಡಿಸಲು ಬಗ್ಗುವುದಿಲ್ಲ. ಒಂದು ಇಡೀ ಉಬ್ಬರವಿಳಿತದಲ್ಲಿ ಅಷ್ಟೇ ಶಕ್ತಿ ನುಂಗುವ, ವೇಗಕ್ಕೆ ನೇರ ಅನುಪಾತದ ಇನ್ನೊಂದು ಘರ್ಷಣೆಯನ್ನು ಅದರ ಜಾಗಕ್ಕೆ ಇಟ್ಟರು. ಆಗ ಬಗ್ಗಿತು.

ಕಾರಿನಲ್ಲಿ ಇದನ್ನು ಹೇಳುತ್ತಿದ್ದಂತೆ ಭಾವ ಚಪಾತಿ ಕೆಳಗಿಟ್ಟರು. "ಅಂದ್ರ ಒಂದು ಸುತ್ತಿನ ಲಾಸ್ ಎರಡಕ್ಕೂ ಒಂದಽ?" ಹೌದು ಎಂದೆ. "ಶಾಣ್ಯಾ ಮನಷ್ಯಾ" ಎಂದರು. ನಾಲ್ಕು ದಿನದಲ್ಲಿ ನೊಬೆಲ್ ಪುರಸ್ಕೃತರಿಗೆ ಅವರಿಂದ ಸಿಕ್ಕ ಮೊದಲ ಸರ್ಟಿಫಿಕೇಟು.

1926ರಲ್ಲಿ ವರದಿ ಬಂತು. ಹೊರಗಿನ ದಂಡೆಗಳನ್ನು ಎಲ್ಲೆಲ್ಲಿ ಎಷ್ಟು ಎತ್ತರಿಸಬೇಕು ಎಂದು ಹೇಳಿತು. ಒಡ್ಡಿನ ಪೂರ್ವದ ತುದಿಯನ್ನು ಪಿಯಾಮ್ ಬದಲು ಉತ್ತರದ ಇನ್ನೊಂದು ಹಳ್ಳಿಗೆ ಸರಿಸಲಾಯಿತು. ಆ ಹಳ್ಳಿಯ ಹೆಸರು ಜೂರಿಕ್! ಐನ್‌ಸ್ಟೈನರನ್ನು ತಪ್ಪಿಸಿದ ಊರಿನ ಹೆಸರಿನದೇ ಇನ್ನೊಂದು ಊರು ಇವರ ಒಡ್ಡಿಗೆ ಸಿಕ್ಕಿತು. ಒಡ್ಡು ಮುಚ್ಚಿದ ಮೇಲೆ ಹೊರಗೆ ಉಬ್ಬರವಿಳಿತ ಹೆಚ್ಚಿತು, ಲೆಕ್ಕ ಹೇಳಿದ್ದಕ್ಕೆ ಹತ್ತಿರವಾಗಿಯೇ. ನೋಡಲು ಲೊರೆಂಟ್ಸ್ ಇರಲಿಲ್ಲ.

ಕೊರ್ನ್‌ವೆರ್ಡರ್‌ಜಾಂಡ್‌ನಲ್ಲಿ ತೂಬುಗಳಿವೆ, ಹೆಸರು ಲೊರೆಂಟ್ಸ್ ತೂಬುಗಳು. ಅಲ್ಲಿಗೆ ಇನ್ನೇನು ಮುಟ್ಟಬೇಕು, ಹೆದ್ದಾರಿಯ ತಿರುಗು ಸೇತುವೆ ಒಂದು ದೋಣಿಗಾಗಿ ತೆರೆದುಕೊಂಡಿತು. ಲಾರಿಗಳ ಸಾಲಿನಲ್ಲಿ ನಿಂತೆವು. ಯಾರೂ ಹಾರ್ನ್ ಮಾಡಲಿಲ್ಲ, ಕೆಲವರು ಇಳಿದು ಸ್ಯಾಂಡ್‌ವಿಚ್ ತಿಂದರು.

ಇಲ್ಲಿ ನೀರು ಬಿಡುವ ಹತ್ತು ಕಂಡಿಗಳು, ಐದೈದರ ಎರಡು ಗುಂಪು, ಒಂದೊಂದೂ 12 ಮೀಟರ್ ಅಗಲ. ಆಚೆ ತುದಿಯ ಸ್ಟೇವಿನ್ ತೂಬುಗಳಲ್ಲಿ ಹದಿನೈದು. ಇಳಿತದ ಹೊತ್ತಿನಲ್ಲಿ ಸಮುದ್ರ ಕೆರೆಗಿಂತ ಕೆಳಗಾದಾಗ ಗೇಟು ಎತ್ತುತ್ತಾರೆ, ಉಬ್ಬರಕ್ಕೆ ಮುಂಚೆ ಇಳಿಸುತ್ತಾರೆ. ನಾವು ಹೋದಾಗ ಎತ್ತಿದ್ದರು. ಕಂದು ನೀರು ಕಂಬಗಳ ನಡುವೆ ಕುಪ್ಪಳಿಸಿ ಬೂದು ಸಮುದ್ರಕ್ಕೆ ಬೀಳುತ್ತಿತ್ತು, ಎರಡು ಬಣ್ಣ ಸೇರುವ ಕಡೆ ನೊರೆಯ ಗೆರೆ, ಅದರ ಮೇಲೆ ಕಡಲಹಕ್ಕಿಗಳ ಗಲಾಟೆ. ಭಾವ ಕಂಬಿ ಹಿಡಿದು ಬಗ್ಗಿ ನೋಡಿದರು. ಆರ್ನೆಮ್ಮಿನ ಹತ್ತಿರ ಕವಲೊಡೆದ ರೈನ್ ನೀರು ಇಲ್ಲಿಂದಲೂ ಹೊರಬೀಳುತ್ತದೆ. ಹುಟ್ಟೂರಿನ ನೀರಿಗೆ ಲೊರೆಂಟ್ಸರೇ ಬಾಗಿಲು. ಆಮೇಲೆ ಗೇಟಿನ ಚೈನು, ಕೌಂಟರ್‌ವೇಟು ಎಂದು ಶುರು ಮಾಡಿದರು. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟಿನ ಚೈನು ಕಿತ್ತ ರಾತ್ರಿಯಿಂದ ಯಾವ ಗೇಟು ಕಂಡರೂ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಥರ್ಮಾಸ್ ಹಿಡಿದು ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ನಮ್ಮನ್ನೇ ನೋಡುತ್ತಿದ್ದರು. ಮಾತಿಗೆ ಸಿಕ್ಕರು. ಅವರ ಅಜ್ಜ ಈ ಒಳಸಮುದ್ರದ ಮೀನುಗಾರ. ಒಡ್ಡು ಮುಚ್ಚಿತು, ನೀರು ಸಿಹಿಯಾಯಿತು, ಹೆರಿಂಗ್ ಹೋಯಿತು, ಬಲೆ ಮಾರಿದರು. ಪರಿಹಾರದ ಕಾನೂನು ಇತ್ತು, ಆದರೆ ಅಜ್ಜ ಸಾಯುವವರೆಗೂ ಲೇಲಿಯ ಹೆಸರನ್ನು ಊಟದ ಮೇಜಿನ ಬಳಿ ಯಾರೂ ಎತ್ತುವಂತಿರಲಿಲ್ಲವಂತೆ. ಲೊರೆಂಟ್ಸರ ಹೆಸರು? ಅದು ಅಜ್ಜನಿಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದರೆ ಅವರಿಗೂ ಬೈಯುತ್ತಿದ್ದ ಎಂದು ನಕ್ಕರು. ಈಗ ಮೀನುಗಳು ಒಳಗೆ ಹೊರಗೆ ಹೋಗಿಬರಲೆಂದು ಇಲ್ಲೇ ಪಕ್ಕದಲ್ಲಿ ಕೃತಕ ನದಿಯೊಂದನ್ನು ಕಟ್ಟುತ್ತಿದ್ದಾರೆ, ಅದನ್ನೂ ತೋರಿಸಿದರು. ಭಾವನ ತಾಯಿಯ ತವರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲೊಂದು. ಅದನ್ನು ಅವರು ಹೇಳಿದರು, ಇಂಗ್ಲಿಷಿನಲ್ಲಿ ತಡವರಿಸಿ. ಮುದುಕರು ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟರು. ಆಮೇಲೆ ಇಬ್ಬರೂ ಗೇಟುಗಳ ಬಗ್ಗೆಯೇ ಮಾತನಾಡಿದರು, ನಾನು ತರ್ಜುಮೆ ಮಾಡುವುದನ್ನು ನಿಲ್ಲಿಸಿದೆ, ಕೈಸನ್ನೆಯಲ್ಲೇ ಸಾಗಿತ್ತು.

ಕಾರಿನಲ್ಲಿ ಭಾವ ಆ 1926ರ ವರದಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಡಚ್ಚಿನಲ್ಲಿದೆ ಎಂದೆ. ಲೆಕ್ಕ ಇರುವ ಪುಟಗಳಷ್ಟೇ ಸಾಕು ಎಂದರು. ಅಕ್ಕನ ಮಗಳು ಹುಡುಕಿಕೊಡುವೆನೆಂದು ಒಪ್ಪಿದ್ದಾಳೆ.

ಹೋಗುವವರಿಗೆ: ಹೊರಡುವ ಹಿಂದಿನ ರಾತ್ರಿ ಕೊರ್ನ್‌ವೆರ್ಡರ್‌ಜಾಂಡ್‌ನ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಳ್ಳಿ, ಇಳಿತದ ಹೊತ್ತಿಗೆ ಅಲ್ಲಿರಿ. ಉಳಿದ ಹೊತ್ತಿನಲ್ಲಿ ಮುಚ್ಚಿದ ಗೇಟು ಮಾತ್ರ ಕಾಣುತ್ತದೆ. ನಾವು ಹೊರಡುವಷ್ಟರಲ್ಲಿ ಒಂದೊಂದಾಗಿ ಇಳಿಸತೊಡಗಿದ್ದರು.